ಕಾಂಟ್ರಾಕ್ಟರ್ ಸ್ಟಾಕಿನ ಕ್ಯಾರಿಯಿಂಗ್ ಕಾಸ್ಟ್: ಲೆಕ್ಕ ಎಲ್ಲಿ ತಪ್ಪುತ್ತದೆ

ಕ್ಯಾರಿಯಿಂಗ್ ಕಾಸ್ಟ್ ಅಂದರೆ ಕಟ್ಟಡ ಕಾಂಟ್ರಾಕ್ಟರ್ ಕೊಂಡ ಮಾಲನ್ನು ಬಳಸುವವರೆಗೆ ಇಟ್ಟುಕೊಳ್ಳಲು ಆಗುವ ಖರ್ಚು, ಅದನ್ನು ಸ್ಟಾಕಿನ ಬೆಲೆಯ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಸೂತ್ರ ಸುಲಭ. ಮಾಲು ಇಟ್ಟುಕೊಳ್ಳಲು ವರ್ಷಕ್ಕೆ ಆಗುವ ಖರ್ಚನ್ನು ಸರಾಸರಿ ಸ್ಟಾಕಿನ ಬೆಲೆಯಿಂದ ಭಾಗಿಸಿ, 100ರಿಂದ ಗುಣಿಸಿ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಶೇ. 20ರಿಂದ 30 ಎನ್ನುತ್ತವೆ. ಅದನ್ನೇ ಸುಮ್ನೆ ಎತ್ತಿ ಹಾಕಬೇಡಿ.

ಮೊದಲ ಎಡವಟ್ಟು ಸರಾಸರಿಯಲ್ಲೇ. ವರ್ಷದ ಮೊದಲ ದಿನ 4 ಲಕ್ಷದ ಮಾಲು, ಕೊನೆಯ ದಿನವೂ 4 ಲಕ್ಷ, ಆದರೆ ನಡುವೆ ಮೂರು ಸೈಟ್ ಒಟ್ಟಿಗೆ ನಡೆದಾಗ 16 ಲಕ್ಷ ಇತ್ತು ಅಂದುಕೊಳ್ಳಿ. ಎರಡು ತುದಿ ಕೂಡಿಸಿ ಭಾಗಿಸಿದರೆ ಸಿಗುವ 4 ಲಕ್ಷಕ್ಕೆ ಏನು ಅರ್ಥ? 12 ತಿಂಗಳ ಕೊನೆಯ ಸ್ಟಾಕ್ ತೆಗೆದುಕೊಂಡು ಸರಾಸರಿ ಮಾಡಿ, ಗೋಡೌನಿನದು ಮಾತ್ರವಲ್ಲ, ಸೈಟಿನಲ್ಲಿ ಬಳಸದೆ ಬಿದ್ದಿರುವ ಕಂಬಿ, ಪೈಪು, ವೈರ್ ಕೂಡ ಸೇರಲಿ.

ಈಗ ಖರ್ಚು. ಸರಾಸರಿ ಸ್ಟಾಕ್ 10 ಲಕ್ಷ ಎಂದಿಟ್ಟುಕೊಳ್ಳೋಣ. ಕಟ್ಟಿಹಾಕಿದ ಹಣದ ಬಡ್ಡಿ ಶೇ. 12, ಅಂದರೆ 1,20,000. ಗೋಡೌನ್ ಬಾಡಿಗೆ, ಕಾವಲು 60,000. ವಿಮೆ 10,000. ಕಳವು, ಒಡೆದದ್ದು, ಕೆಟ್ಟದ್ದು, ಕೆಲಸ ಮುಗಿದು ಉಳಿದು ಯಾರಿಗೂ ಬೇಡವಾದ ಟೈಲ್ಸ್, ಇವೆಲ್ಲ 50,000. ಒಟ್ಟು 2,40,000. ವರ್ಷಕ್ಕೆ ಶೇ. 24, ತಿಂಗಳಿಗೆ ಶೇ. 2. ಸ್ವಂತ ದುಡ್ಡು ಹಾಕಿದ್ದೇನೆ, ಬಡ್ಡಿ ಎಲ್ಲಿಂದ ಬಂತು ಅನ್ನುವವರು ಜಾಸ್ತಿ. ಆ ದುಡ್ಡು ಬೇರೆ ಕಡೆ ದುಡಿಯುತ್ತಿತ್ತು ಅಲ್ವಾ, ಅದೇ ಖರ್ಚು. ಕಟ್ಟಡದ ಮಾಲೀಕರಿಂದ ಸಾಮಾನಿಗೆ ಅಡ್ವಾನ್ಸ್ ಬಂದಿದ್ದರೆ, ಅಥವಾ ಸಪ್ಲೈಯರ್ 30 ದಿನ ಸಾಲ ಕೊಟ್ಟಿದ್ದರೆ, ಅಷ್ಟು ಮಾಲಿಗೆ ಅಷ್ಟು ದಿನ ಬಡ್ಡಿ ಹಾಕಬೇಡಿ. ಕೆಲಸಕ್ಕೆ ಬಳಸಿಯಾದ ಮೇಲೆ ಬಿಲ್ ಪಾಸ್ ಆಗದೆ ನಿಂತ ಹಣ ಬೇರೆ ಲೆಕ್ಕ, ಅದು ವಸೂಲಾಗಬೇಕಾದ ಬಾಕಿ, ಸ್ಟಾಕ್ ಅಲ್ಲ.

ಈ ಅಂಕಿ ಉಪಯೋಗಕ್ಕೆ ಬರುವುದು ಡಿಸ್ಕೌಂಟ್ ಮುಂದೆ ಬಂದಾಗ. ಆರು ತಿಂಗಳ ಮಾಲು ಒಟ್ಟಿಗೆ ಕೊಂಡರೆ ಶೇ. 4 ಕಡಿಮೆ ಎನ್ನುತ್ತಾರೆ. ಒಂದೇ ಸಮ ಬಳಕೆಯಾದರೆ ಮಾಲು ಸರಾಸರಿ 3 ತಿಂಗಳು ಕೂತಿರುತ್ತದೆ. ತಿಂಗಳಿಗೊಮ್ಮೆ ಕೊಂಡಿದ್ದರೂ ಅರ್ಧ ತಿಂಗಳು ಕೂರುತ್ತಿತ್ತು, ಹಾಗಾಗಿ ಹೆಚ್ಚುವರಿ 2.5 ತಿಂಗಳು, ತಿಂಗಳಿಗೆ ಶೇ. 2ರಂತೆ ಶೇ. 5. ನಷ್ಟ. ಆದರೆ ತಡೆಯಿರಿ: ಗೋಡೌನಿನಲ್ಲಿ ಜಾಗ ಖಾಲಿ ಇದ್ದು, ಹೆಚ್ಚು ಮಾಲು ತಂದರೂ ಬಾಡಿಗೆ, ಕಾವಲು ಬದಲಾಗದಿದ್ದರೆ ಆ 60,000 ಈ ನಿರ್ಧಾರಕ್ಕೆ ಬರುವುದೇ ಇಲ್ಲ. ಆಗ ದರ ವರ್ಷಕ್ಕೆ ಶೇ. 18, ತಿಂಗಳಿಗೆ 1.5, ಹೆಚ್ಚುವರಿ ಖರ್ಚು ಶೇ. 3.75. ಈಗ ಕೂದಲೆಳೆಯಷ್ಟು ಲಾಭ! ಜನ ಎಡವುವುದು ಇಲ್ಲೇ, ವರ್ಷದ ವರದಿಗೆ ಹಾಕುವ ದರವನ್ನೇ ನಿರ್ಧಾರಕ್ಕೂ ಹಾಕಿಬಿಡುತ್ತಾರೆ.

ಎಲ್ಲ ಮಾಲಿಗೂ ಒಂದೇ ದರವೂ ಸರಿಯಲ್ಲ. ಸಿಮೆಂಟ್ ತೇವ ಹೀರಿ ಬಲ ಕಳೆದುಕೊಳ್ಳುತ್ತದೆ, 3 ತಿಂಗಳು ದಾಟಿದರೆ ಪರೀಕ್ಷೆ ಮಾಡಿಸದೆ ಬಳಸಬಾರದು, ಆದ್ದರಿಂದ ಆರು ತಿಂಗಳ ಡಿಸ್ಕೌಂಟ್ ಅದಕ್ಕೆ ಲೆಕ್ಕವೇ ಬೇಡ. ತಾಮ್ರದ ವೈರಿಗೆ ಕಳವಿನ ಪಾಲು ಜಾಸ್ತಿ ಇಡಿ. ಮರಳು, ಜಲ್ಲಿಗೆ ಕೆಡುವ ಭಯ ಕಡಿಮೆ, ಬೆಲೆಗೆ ಹೋಲಿಸಿದರೆ ಜಾಗ ಮಾತ್ರ ಬಹಳ ತಿನ್ನುತ್ತವೆ.