ಮಾವಿನ ಮರದ ಮೇಲಿನ ಸೀತಾಳೆ ಕಿತ್ತು ಹಾಕಬೇಕಾ?

ಪ್ರಶ್ನೆ: ನಮ್ಮ ಹಿತ್ತಲಿನ ಹಳೇ ಮಾವಿನ ಮರದ ತುಂಬ ಸೀತಾಳೆ ದಂಡೆ, ಅಂದರೆ ಆರ್ಕಿಡ್, ಬೆಳೆದಿದೆ. ಕೆಲವು ಕೊಂಬೆ ಒಣಗುತ್ತಿವೆ. ಅದು ಮರದ ಸಾರ ಹೀರುತ್ತದಂತೆ. ಕಿತ್ತು ಹಾಕಲಾ?

ಬೇಡ. ಉತ್ತರ ಇಷ್ಟೇ. ಆದರೆ ಸೀತಾಳೆ ಹೂ ಜೋತುಬೀಳುವ ಹೊತ್ತಿಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ‘ಬೇಡ’ ಅಂದರೆ ಯಾರೂ ನಂಬುವುದೂ ಇಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸೀತಾಳೆಗೆ ಮರದಿಂದ ಬೇಕಾಗಿರುವುದು ಕೂರಲು ಜಾಗ ಮಾತ್ರ. ಊಟಕ್ಕೆ ಅದರದೇ ಹಸಿರೆಲೆ ಇದೆ. ನೀರಿಗೆ ಮಳೆ, ಮಂಜು. ಗೊಬ್ಬರಕ್ಕೆ ತೊಗಟೆಯ ಸಂದಿಯಲ್ಲಿ ಕೊಳೆತ ಎಲೆ, ಧೂಳು. ನಂಬಿಕೆ ಬರದಿದ್ದರೆ ಅದರ ಬೇರನ್ನು ಹತ್ತಿರದಿಂದ ನೋಡಿ. ದಪ್ಪ ದಾರದಂತೆ, ಬೂದಿ ಬಿಳಿ ಬಣ್ಣದಲ್ಲಿರುತ್ತದೆ. ಒಂದು ಚೊಂಬು ನೀರು ಸುರಿಯಿರಿ. ನೋಡನೋಡುತ್ತಲೇ ಹಸಿರಾಗುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆ ಇದೆ, ಅದು ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಆ ಬೇರನ್ನು ಮೆಲ್ಲಗೆ ಎಬ್ಬಿಸಿದರೆ ಅಡಿಯಲ್ಲಿ ಬರೀ ತೊಗಟೆ. ತೂತಿಲ್ಲ, ಗಾಯವಿಲ್ಲ.

ಇನ್ನೂ ಅನುಮಾನವಾ? ಒಣಗಿದ ಕೊರಡಿಗೆ ಸೀತಾಳೆ ಕಟ್ಟಿ ಜಗುಲಿಯ ಮುಂದೆ ತೂಗುಹಾಕಿದವರನ್ನು ನೀವೂ ನೋಡಿದ್ದೀರಿ. ವರ್ಷವರ್ಷವೂ ಹೂ ಬಿಡುತ್ತದೆ. ಸತ್ತ ಕೊರಡಿನಿಂದ ಅದು ಯಾವ ಸಾರ ಹೀರುತ್ತದೆ, ಹೇಳಿ ನೋಡೋಣ! ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವಾಗ ಸಾರದ ಮಾತು ಯಾರೂ ಎತ್ತುವುದಿಲ್ಲ. ಮೆಣಸಿನಿಂದ ದುಡ್ಡು ಬರುತ್ತದೆ, ಅದಕ್ಕೇ ಅಲ್ವಾ?

ಹಾಗಾದರೆ ಕೊಂಬೆ ಯಾಕೆ ಒಣಗಿತು? ಮರಕ್ಕೆ ವಯಸ್ಸಾಗಿರಬಹುದು, ಕಾಂಡ ಕೊರೆಯುವ ಹುಳ ಬಿದ್ದಿರಬಹುದು. ಹಳೇ ಮರದ ತೊಗಟೆ ಒರಟು, ಸೀತಾಳೆಗೆ ಅದೇ ಇಷ್ಟ. ಮುದಿ ಮರದ ಮೇಲೆ ಅದು ಜಾಸ್ತಿ ಕಾಣುವುದು ಅದಕ್ಕೆ. ಅಜ್ಜನ ಪಕ್ಕ ಯಾವಾಗಲೂ ಊರುಗೋಲು ಇರುತ್ತದೆ ಅಂತ ಊರುಗೋಲೇ ಅಜ್ಜನಿಗೆ ಮುಪ್ಪು ತಂದಿತು ಅಂತೀರಾ? ಹಾಂ, ಒಂದು ಮಾತು ಒಪ್ಪುತ್ತೇನೆ. ಮೊದಲೇ ಟೊಳ್ಳಾದ ಕೊಂಬೆ ಮಳೆಯಲ್ಲಿ ನೆನೆದ ಸೀತಾಳೆಯ ಭಾರಕ್ಕೆ ಮುರಿಯಬಹುದು. ಅಷ್ಟೇ.

ಸೀತಾಳೆಯನ್ನು ಕಳ್ಳ ಅನ್ನಲೇಬೇಕು ಅಂತಿದ್ದರೆ ಬೇರೆ ಕೇಸು ಹಾಕಿ. ಅದರ ಬೀಜ ಹಿಟ್ಟಿನಷ್ಟು ಸಣ್ಣದು, ಒಳಗೆ ಬುತ್ತಿ ಇರುವುದಿಲ್ಲ. ಮೊಳೆಯುವಾಗ ಒಂದು ಬಗೆಯ ಶಿಲೀಂಧ್ರದಿಂದ ಊಟ ಪಡೆಯುತ್ತದೆ. ದೂರು ಕೊಡಬೇಕಾದದ್ದು ಆ ಶಿಲೀಂಧ್ರ, ಮಾವಿನ ಮರವಲ್ಲ.

ನಿಜವಾಗಿ ಸಾರ ಹೀರುವುದು ಬಂದಳಿಕೆ. ದಪ್ಪ ಎಲೆ, ಕೆಂಪು ಕೇಸರಿಯ ಕೊಳವೆಯಂಥ ಹೂ. ಕೊಂಬೆಗೆ ಅಂಟಿದ ಕಡೆ ಗಂಟು ಕಟ್ಟಿರುತ್ತದೆ. ಅಲ್ಲಿಂದಲೇ ಮರದ ಒಳಗೆ ಬಾಯಿ ಹಾಕಿ ನೀರು, ಲವಣ ಎಳೆದುಕೊಳ್ಳುತ್ತದೆ. ಬರೀ ಎಲೆ ತರಿದರೆ ಮತ್ತೆ ಚಿಗುರುತ್ತದೆ. ಗಂಟಿಗಿಂತ ಕೆಳಗೆ, ಕೊಂಬೆಯನ್ನೇ ಕತ್ತರಿಸಬೇಕು, ಅದೂ ಹಣ್ಣಾಗುವ ಮುಂಚೆ.

ಹಣ್ಣಾಗುವ ಮುಂಚೆ ಯಾಕೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಹಕ್ಕಿ ಇದೆ. ಹೆಸರೇ ಬದನಿಕೆ ಹಕ್ಕಿ. ಬದನಿಕೆ ಅಂದರೆ ಬಂದಳಿಕೆಯೇ. ಹಣ್ಣು ನುಂಗುತ್ತದೆ, ಬೀಜ ಮಾತ್ರ ಗೋಂದಿನಂತೆ ಅಂಟು. ಹಿಕ್ಕೆ ಹಾಕಿದರೂ ಹಿಂಬದಿಗೇ ಮೆತ್ತಿಕೊಳ್ಳುತ್ತದೆ. ಪಾಪ, ಬಿಡಿಸಿಕೊಳ್ಳಲು ಕೊಂಬೆಗೆ ತಿಕ್ಕುತ್ತದೆ. ಬಿತ್ತನೆ ಆಯಿತು!

ಹಾಗಂತ ಊರಿನ ಬಂದಳಿಕೆಯನ್ನೆಲ್ಲ ಸವರಲು ಹೊರಡಬೇಡಿ. ಫಸಲಿನ ಮರದ್ದು ತೆಗೆಯಿರಿ, ಬೇಲಿಯಂಚಿನದು ಇರಲಿ. ರೆಕ್ಕೆಯ ಅಡಿಯಲ್ಲಿ ಹಳದಿ, ಅಂಚಿಗೆ ಕೆಂಪು ಬೊಟ್ಟಿಟ್ಟ ಜೆಜೆಬೆಲ್ ಚಿಟ್ಟೆ ನಿಮ್ಮ ಹಿತ್ತಲಿಗೂ ಬರುತ್ತಿರಬಹುದು. ಅದರ ಮರಿಹುಳಗಳು ತಿಂದು ಬೆಳೆಯುವುದು ಬಂದಳಿಕೆಯ ಎಲೆಯನ್ನೇ.