ಅಮೆರಿಕದ ಹೊಸ ಅಧ್ಯಕ್ಷರ ಮೇಲಿನ ಆಸೆ ವರ್ಷದೊಳಗೆ ಯಾಕೆ ಇಳಿಯುತ್ತೆ?

ಓದುಗರ ಪ್ರಶ್ನೆ: ಅಮೆರಿಕಕ್ಕೆ ಹೊಸ ಅಧ್ಯಕ್ಷರು ಬಂದಾಗಲೆಲ್ಲ ಅಲ್ಲಿನ ಜನ ಬೆಟ್ಟದಷ್ಟು ಆಸೆ ಇಟ್ಟುಕೊಳ್ಳುತ್ತಾರೆ. ಪ್ರಮಾಣವಚನದ ದಿನವೇ ಅವರು ರಾಶಿಗಟ್ಟಲೆ ಆದೇಶಗಳಿಗೆ ಸಹಿ ಹಾಕುವುದನ್ನು ಟಿವಿಯಲ್ಲಿ ನೋಡುತ್ತೇವೆ. ಆದರೂ ವರ್ಷ ತುಂಬುವಷ್ಟರಲ್ಲಿ ‘ಇವರೂ ಅಷ್ಟೇ’ ಅನ್ನೋ ಮಾತು ಶುರುವಾಗುತ್ತದೆ. ಜಗತ್ತಿನಲ್ಲೇ ಅತಿ ದೊಡ್ಡ ಅಧಿಕಾರ ಇರೋ ಮನುಷ್ಯ ಅಂತಾರಲ್ಲ, ಹೇಳಿದ್ದನ್ನು ಮಾಡೋಕೆ ಅಡ್ಡಿ ಏನು?

ಮೊದಲು ಚಿಕ್ಕ ಉತ್ತರ. ಜನ ಅಧ್ಯಕ್ಷರಿಂದ ಬಯಸುವುದು ಕೆಲಸ, ಸಂಬಳ, ಆಸ್ಪತ್ರೆ ಖರ್ಚು, ಕಾಲೇಜು ಸಾಲ, ವೀಸಾ. ಇವೆಲ್ಲ ಬಹುಮಟ್ಟಿಗೆ ಕಾನೂನು ಮತ್ತು ದುಡ್ಡಿನ ವಿಷಯ. ಕಾನೂನು ಮಾಡುವುದು, ದುಡ್ಡು ಮಂಜೂರು ಮಾಡುವುದು ಎರಡೂ ಕಾಂಗ್ರೆಸ್ಸಿನ ಕೆಲಸ, ಅಂದರೆ ಅಲ್ಲಿನ ಸಂಸತ್ತಿನದು. ಅಧ್ಯಕ್ಷರ ಕೈಯಲ್ಲಿರುವುದು ಪೆನ್ನು. ಅದರಲ್ಲಿ ಬರೆದದ್ದನ್ನು ಮುಂದೆ ಬರುವವರು ಇನ್ನೊಂದು ಪೆನ್ನಿನಲ್ಲಿ ಹೊಡೆದುಹಾಕಬಹುದು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಒಬಾಮಾ ಅವರ ಮೊದಲ ವರ್ಷಕ್ಕಿಂತ ಒಳ್ಳೆಯ ಉದಾಹರಣೆ ಸಿಗಲ್ಲ.

2009ರ ಜನವರಿ 20ರಂದು ವಾಷಿಂಗ್ಟನ್‌ನಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಆದರೂ ನ್ಯಾಷನಲ್ ಮಾಲ್ ಬಯಲಿನಲ್ಲಿ ಸುಮಾರು 18 ಲಕ್ಷ ಜನ ಸೇರಿದ್ದರು ಅನ್ನುವುದು ಆಗಿನ ಅಂದಾಜು. ಮೊದಲ ಕಪ್ಪು ವರ್ಣದ ಅಧ್ಯಕ್ಷರು. ಪ್ರಮಾಣ ಬೋಧಿಸುವಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಪದವನ್ನು ಹಿಂದುಮುಂದು ಮಾಡಿಬಿಟ್ಟರು. ಯಾವುದಕ್ಕೂ ಇರಲಿ ಅಂತ ಒಬಾಮಾ ಮರುದಿನ ವೈಟ್‌ಹೌಸ್‌ನಲ್ಲಿ ಸದ್ದಿಲ್ಲದೆ ಇನ್ನೊಮ್ಮೆ ಪ್ರಮಾಣ ತೆಗೆದುಕೊಂಡರು. ಅಷ್ಟು ಜನರಲ್ಲಿ ಯಾರೂ ಇದಕ್ಕೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಅವರ ತಲೆಯಲ್ಲಿ ಇದ್ದದ್ದೇ ಬೇರೆ. ಆ ಒಂದು ತಿಂಗಳಲ್ಲೇ ದೇಶದಲ್ಲಿ 7 ಲಕ್ಷಕ್ಕೂ ಜಾಸ್ತಿ ಕೆಲಸಗಳು ಹೋದವು. ಬ್ಯಾಂಕುಗಳು ಮುಗ್ಗರಿಸಿದ್ದವು. ಇರಾಕ್, ಅಫ್ಘಾನಿಸ್ತಾನ ಎರಡು ಕಡೆ ಯುದ್ಧ. ಇದೆಲ್ಲ ಬೇಗ ಆಗುವ ಕೆಲಸ ಅಲ್ಲ ಅಂತ ಒಬಾಮಾ ಅಂದಿನ ಭಾಷಣದಲ್ಲೇ ಹೇಳಿದ್ದರು. ಆದರೆ ಅಂಥ ದಿನ ಅಂಥ ಮಾತು ಯಾರ ಕಿವಿಗೆ ಬೀಳುತ್ತೆ ಹೇಳಿ.

ಎರಡು ದಿನ ಕಳೆದು, ಜನವರಿ 22ಕ್ಕೆ, ಅವರು ಗ್ವಾಂಟನಾಮೊ ಜೈಲನ್ನು ಒಂದು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ನಿವೃತ್ತ ಸೇನಾಧಿಕಾರಿಗಳು ಸಾಲಾಗಿ ಹಿಂದೆ ನಿಂತಿದ್ದರು. ಭಯೋತ್ಪಾದನೆಯ ಶಂಕಿತರನ್ನು ಅಮೆರಿಕ ಇಟ್ಟಿದ್ದ, ಕ್ಯೂಬಾದಲ್ಲಿರುವ ಆ ಜೈಲಿನಲ್ಲಿ ಆಗ ಸುಮಾರು 240 ಕೈದಿಗಳು. ಇದು ಸುಲಭದ ಕೆಲಸ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಚುನಾವಣೆಯಲ್ಲಿ ಎದುರಾಳಿಯಾಗಿದ್ದ ಜಾನ್ ಮೆಕೇನ್ ಕೂಡ ಅದನ್ನು ಮುಚ್ಚಬೇಕು ಅಂದವರೇ.

ತೊಡಕು ಬಂದದ್ದು ಒಂದು ಸಾದಾ ಪ್ರಶ್ನೆಯಿಂದ: ಒಳಗಿರುವವರನ್ನು ಎಲ್ಲಿಗೆ ಕಳಿಸೋದು? ಕೆಲವರನ್ನು ಬೇರೆ ದೇಶಗಳಿಗೆ ಕಳಿಸಬಹುದಿತ್ತು. ಉಳಿದವರನ್ನು ಅಮೆರಿಕದ ಜೈಲಿಗೇ ತರಬೇಕು. ‘ನಮ್ಮ ರಾಜ್ಯಕ್ಕೆ ಮಾತ್ರ ಬೇಡ’ ಅಂತ ಒಬ್ಬೊಬ್ಬರೇ ಶುರು ಮಾಡಿದರು. ಜೈಲು ಮುಚ್ಚುವ ಖರ್ಚಿಗೆ ಸರ್ಕಾರ 8 ಕೋಟಿ ಡಾಲರ್ ಕೇಳಿತು. ಮೇ 20ರಂದು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಅದನ್ನು 90–6 ಮತಗಳಿಂದ ತಡೆಯಿತು. ಆಗ ಸೆನೆಟ್‌ನಲ್ಲಿ ಬಹುಮತ ಇದ್ದದ್ದು ಯಾರಿಗೆ? ಒಬಾಮಾ ಅವರದೇ ಡೆಮಾಕ್ರಟಿಕ್ ಪಕ್ಷಕ್ಕೆ. ಆಮೇಲೆ ಆ ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಒಂದು ಡಾಲರ್ ಕೂಡ ಬಳಸಬಾರದು ಅಂತ ಕಾನೂನೇ ಬಂತು. ಎಂಟು ವರ್ಷ ಮುಗಿಸಿ ಒಬಾಮಾ ಹೊರಟಾಗ ಒಳಗೆ ಇನ್ನೂ 41 ಮಂದಿ ಇದ್ದರು. 2018ರಲ್ಲಿ ಟ್ರಂಪ್ ಇನ್ನೊಂದು ಆದೇಶ ಹೊರಡಿಸಿ ಜೈಲು ತೆರೆದೇ ಇರಲಿ ಅಂದರು. ಅಲ್ಲಿಗೆ ಮೊದಲ ಆದೇಶದ ಕಥೆ ಮುಗಿಯಿತು.

ನಮಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮಲ್ಲಿ ಲೋಕಸಭೆಯಲ್ಲಿ ಬಹುಮತ ಇದ್ದವರೇ ಪ್ರಧಾನಿ. ಪಕ್ಷ ವಿಪ್ ಕೊಟ್ಟರೆ ಸಂಸದರು ತುಟಿ ಪಿಟಕ್ಕೆನ್ನದೆ ಕೈ ಎತ್ತಬೇಕು, ಇಲ್ಲದಿದ್ದರೆ ಸದಸ್ಯತ್ವಕ್ಕೇ ಕುತ್ತು. ಅಮೆರಿಕದಲ್ಲಿ ಅಧ್ಯಕ್ಷರು ಕಾಂಗ್ರೆಸ್ಸಿನ ಸದಸ್ಯರೇ ಅಲ್ಲ. ಅಲ್ಲಿ ಸ್ವಂತ ಪಕ್ಷದವರು ಅಧ್ಯಕ್ಷರ ವಿರುದ್ಧ ಮತ ಹಾಕಿದರೂ ಸೀಟು ಹೋಗಲ್ಲ. ಅವರು ಹೆದರುವುದು ತಮ್ಮ ರಾಜ್ಯದ ಮತದಾರರಿಗೆ. ಜೊತೆಗೆ 100 ಜನರ ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳಿಗೆ ಚರ್ಚೆ ಮುಗಿಸಿ ಮತಕ್ಕೆ ಹಾಕೋಕೇ 60 ಜನ ಒಪ್ಪಬೇಕು. 51 ಇದ್ದರೆ ಸಾಲದು.

ಹಾಗಾದರೆ ಮೊದಲ 100 ದಿನದಲ್ಲೇ ಎಲ್ಲ ಆಗಬೇಕು ಅನ್ನುವ ಲೆಕ್ಕ ಎಲ್ಲಿಂದ ಬಂತು? ಅದು 1933ರ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಿಟ್ಟುಹೋದ ಅಳತೆಗೋಲು. ಆಗ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅವರು ಅಧಿಕಾರಕ್ಕೆ ಬಂದ ಮೊದಲ ವಾರವೇ ವೈಟ್‌ಹೌಸ್‌ಗೆ 4 ಲಕ್ಷಕ್ಕೂ ಹೆಚ್ಚು ಕಾಗದಗಳು ಬಂದವು. ಅವರಿಗಿಂತ ಮುಂಚೆ ಇದ್ದ ಹೂವರ್ ಕಾಲದಲ್ಲಿ ಟಪಾಲು ನೋಡಿಕೊಳ್ಳೋಕೆ ಒಬ್ಬ ಮನುಷ್ಯ ಸಾಕಿತ್ತು ಅಂತ ಇತಿಹಾಸಕಾರರು ಬರೆಯುತ್ತಾರೆ. ಬ್ಯಾಂಕುಗಳನ್ನು ಉಳಿಸುವ ಮಸೂದೆ ಮಾರ್ಚ್ 9ರಂದು ಒಂದೇ ದಿನದಲ್ಲಿ ಎರಡೂ ಸದನ ದಾಟಿ ಸಹಿ ಕೂಡ ಕಂಡಿತು. ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯರ ಕೈಗೆ ಪ್ರತಿಯೂ ಸಿಕ್ಕಿರಲಿಲ್ಲ, ಓದಿ ಹೇಳಿದ್ದನ್ನು ಕೇಳಿ ಒಪ್ಪಿದರು! 100 ದಿನದಲ್ಲಿ 15 ದೊಡ್ಡ ಕಾನೂನುಗಳು ಬಂದವು. ಆದರೆ ಅವೆಲ್ಲ ಕಾಂಗ್ರೆಸ್ ಮಾಡಿದ ಕಾನೂನುಗಳು, ಅಲ್ವಾ? ಎರಡೂ ಸದನದಲ್ಲಿ ರೂಸ್‌ವೆಲ್ಟ್ ಪಕ್ಷಕ್ಕೆ ಭಾರಿ ಬಹುಮತ ಇತ್ತು, ದೇಶ ಪೂರಾ ಹೆದರಿತ್ತು. ಅಂಥ ಕಾಲ ಮತ್ತೆ ಬಂದಿದ್ದು ಕಡಿಮೆ. ಅಳತೆ ಮಾತ್ರ ಉಳಿದುಕೊಂಡಿತು. ನನ್ನ ಪ್ರಕಾರ ಇದು ಆಮೇಲಿನ ಎಲ್ಲ ಅಧ್ಯಕ್ಷರಿಗೂ ಆದ ಅನ್ಯಾಯ.

ಒಬಾಮಾ ಕಾಲಕ್ಕೇ ವಾಪಸ್ ಬರೋಣ. 78,700 ಕೋಟಿ ಡಾಲರ್‌ಗಳ ಆರ್ಥಿಕ ಪ್ಯಾಕೇಜ್ ಫೆಬ್ರುವರಿಯಲ್ಲೇ ಪಾಸಾಯಿತು. ಆದರೂ ಅಕ್ಟೋಬರ್ ಹೊತ್ತಿಗೆ ನಿರುದ್ಯೋಗ ಶೇ 10 ಮುಟ್ಟಿತು. ಪ್ಯಾಕೇಜ್ ಇಲ್ಲದಿದ್ದರೆ ಇನ್ನೂ ಕೆಡುತ್ತಿತ್ತು ಅಂತ ಅನೇಕ ಅರ್ಥಶಾಸ್ತ್ರಜ್ಞರು ಹೇಳಿದರು. ಕೆಲಸ ಹೋದವರಿಗೆ ಅದರಿಂದ ಏನು ಸಮಾಧಾನ? ಗ್ಯಾಲಪ್ ಸಮೀಕ್ಷೆಯಲ್ಲಿ ಶುರುವಿನಲ್ಲಿ ಶೇ 68 ಇದ್ದ ಮೆಚ್ಚುಗೆ ವರ್ಷದ ಕೊನೆಗೆ 50ರ ಆಸುಪಾಸಿಗೆ ಬಂತು. 2010ರ ಜನವರಿ 19ಕ್ಕೆ, ಅಂದರೆ ವರ್ಷ ತುಂಬೋಕೆ ಒಂದು ದಿನ ಮುಂಚೆ, ಮ್ಯಾಸಚೂಸೆಟ್ಸ್ ಉಪಚುನಾವಣೆಯಲ್ಲಿ ಅವರ ಪಕ್ಷ ಸೋತು 60ನೇ ಸೆನೆಟ್ ಸೀಟೂ ಕೈಬಿಟ್ಟಿತು. ಅಧ್ಯಕ್ಷರ ಅವಧಿಯ ನಡುವೆ ಕಾಂಗ್ರೆಸ್ಸಿಗೆ ನಡೆಯುವ ಚುನಾವಣೆ ಆ ನವೆಂಬರ್‌ನಲ್ಲಿ ಬಂತು, ಅದರಲ್ಲಿ ಪ್ರತಿನಿಧಿ ಸಭೆಯ 63 ಸೀಟು ಹೋದವು.

ಆದರೆ ಇಲ್ಲೇ ಒಂದು ವಿಷಯ ಗಮನಿಸಿ. ಒದ್ದಾಡಿ ಒದ್ದಾಡಿ 2010ರ ಮಾರ್ಚ್‌ನಲ್ಲಿ ಪಾಸಾದ ಆರೋಗ್ಯ ವಿಮೆ ಕಾನೂನು ಉಳಿದುಕೊಂಡಿತು. 2017ರಲ್ಲಿ ಎರಡೂ ಸದನ ಕೈಯಲ್ಲಿದ್ದರೂ ಟ್ರಂಪ್ ಅವರಿಗೆ ಅದನ್ನು ರದ್ದು ಮಾಡಿಸೋಕೆ ಆಗಲಿಲ್ಲ. ಸೆನೆಟ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಹೆಬ್ಬೆರಳು ಕೆಳಗೆ ಮಾಡಿ ಅದನ್ನು ಸೋಲಿಸಿದ್ದು ಅವರದೇ ಪಕ್ಷದ ಮೆಕೇನ್. ಅದೇ ಪೆನ್ನಿನಿಂದ ಆದ ಕೆಲಸ ನೋಡಿ. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಒಬಾಮಾ ಸೇರಿಸಿದರು, ಟ್ರಂಪ್ ಬಿಟ್ಟರು, ಬೈಡನ್ ಮೊದಲ ದಿನವೇ ಮತ್ತೆ ಸೇರಿಸಿದರು, ಟ್ರಂಪ್ 2025ರಲ್ಲಿ ಮೊದಲ ದಿನವೇ ಮತ್ತೆ ಬಿಟ್ಟರು. ಸಾಲದ್ದಕ್ಕೆ ಕೋರ್ಟ್ ಬೇರೆ. ಬೈಡನ್ ಘೋಷಿಸಿದ ವಿದ್ಯಾರ್ಥಿ ಸಾಲ ಮನ್ನಾವನ್ನು 2023ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಹೊಡೆದುಹಾಕಿತು. ಯಾರೂ ಅಡ್ಡ ಬರದ ಅಧಿಕಾರವೂ ಒಂದಿದೆ, ಕ್ಷಮಾದಾನ. 2025ರಲ್ಲಿ ಟ್ರಂಪ್ ಮೊದಲ ದಿನವೇ ಕ್ಯಾಪಿಟಲ್ (ಅಲ್ಲಿನ ಸಂಸತ್ ಭವನ) ಮೇಲೆ 2021ರಲ್ಲಿ ನಡೆದ ದಾಳಿ ಪ್ರಕರಣದ ಸುಮಾರು 1,500 ಮಂದಿಗೆ ಕ್ಷಮೆ ಕೊಟ್ಟರು. ಅದನ್ನು ಯಾರೂ ತಡೆಯುವಂತಿರಲಿಲ್ಲ.

ನಮ್ಮವರು ಜಾಸ್ತಿ ಕೇಳುವುದು ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಬಗ್ಗೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಎಚ್‌–1ಬಿ ಅನ್ನುವ ನೌಕರಿ ವೀಸಾ ಮೇಲೆ ಹೋದವರು ವರ್ಷಗಟ್ಟಲೆ ಕ್ಯೂನಲ್ಲಿದ್ದಾರೆ. ಪ್ರತಿ ಹೊಸ ಅಧ್ಯಕ್ಷರು ಬಂದಾಗಲೂ ‘ಈ ಸಲ ಏನಾದರೂ ಆಗುತ್ತಾ’ ಅಂತ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಮಾತು. ಪೆನ್ನಿನಿಂದ ಆಗುವುದು ಆಗಿದೆ, ಎರಡೂ ದಿಕ್ಕಿನಲ್ಲಿ. ಎಚ್‌–1ಬಿ ನೌಕರರ ಪೈಕಿ ಗ್ರೀನ್ ಕಾರ್ಡ್ ಹಾದಿಯಲ್ಲಿರುವವರ ಸಂಗಾತಿಗಳಿಗೆ 2015ರಲ್ಲಿ ಕೆಲಸ ಮಾಡುವ ಅವಕಾಶ ಸಿಕ್ಕಿದ್ದು ಒಬಾಮಾ ಸರ್ಕಾರದ ನಿಯಮದಿಂದ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ್ದು ಟ್ರಂಪ್ ಘೋಷಣೆಯಿಂದ. ಆದರೆ ಕ್ಯೂ ಉದ್ದವಾಗಿರೋಕೆ ಕಾರಣ ಇವೆರಡೂ ಅಲ್ಲ. ನೌಕರಿ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.4 ಲಕ್ಷ ಮಾತ್ರ, ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ. ಯಾವುದೇ ಒಂದು ದೇಶಕ್ಕೆ ಶೇ 7ರ ಮಿತಿ. ಎರಡೂ ಕಾನೂನಿನಲ್ಲೇ ಬರೆದಿರುವ ಅಂಕಿಗಳು, ಇವನ್ನು ಯಾವ ಅಧ್ಯಕ್ಷರೂ ಸಹಿಯಿಂದ ಬದಲಿಸುವಂತಿಲ್ಲ.

ನೌಕರಿ ಗ್ರೀನ್ ಕಾರ್ಡ್‌ಗಳ ಮೇಲಿನ ಆ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365–65ರಿಂದ ಪಾಸಾಗಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಅದನ್ನೇ ಕೊಂಚ ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಕಾಂಗ್ರೆಸ್ಸಿನ ಅವಧಿಯೇ ಮುಗಿಯಿತು. ಮಸೂದೆ ಅಧ್ಯಕ್ಷರ ಮೇಜಿನ ತನಕ ಹೋಗಲೇ ಇಲ್ಲ.