‘ಬಂಜಿ ಸರಿ ಇಜ್ಜಿ’

ಕಾಸರಗೋಡಿನ ಈ ಭಾಗದಲ್ಲಿ ಮನೋವೈದ್ಯರ ಬಳಿ ಬರುವವರ ಮನೆಮಾತು ಯಾವುದೇ ಇರಲಿ, ಮೊದಲ ಭೇಟಿಯ ಮಾತು ಬಹುಮಟ್ಟಿಗೆ ಒಂದೇ. ತುಳುವರು ‘ಬಂಜಿ ಸರಿ ಇಜ್ಜಿ’ ಎಂದರೆ ಹವ್ಯಕರು ‘ಹೊಟ್ಟೆ ಸರಿ ಇಲ್ಲೆ’ ಎನ್ನುತ್ತಾರೆ. ನಿದ್ರೆ ಬಾರದ್ದು, ಕೆಲಸ ಬಿಟ್ಟದ್ದು, ಮದುವೆ ಮುಂದೂಡಿದ್ದು ಎಲ್ಲವೂ ಆ ಮಾತಿನ ಮರೆಯಲ್ಲಿರುತ್ತವೆ. ಆದರೆ ಕೆಲವರಿಗೆ ಹೊಟ್ಟೆಯೇ ಸರಿಯಿರುವುದಿಲ್ಲ, ಅದೂ ಹುಟ್ಟಿದಂದಿನಿಂದ.

ಮಲದ್ವಾರವಿಲ್ಲದೆ ಅಥವಾ ಅದು ತಪ್ಪಾದ ಜಾಗದಲ್ಲಿ ತೆರೆದುಕೊಂಡು ಹುಟ್ಟುವುದು ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿರುವುದರಿಂದ ಈ ಮಕ್ಕಳಲ್ಲಿ ಹೆಚ್ಚಿನವರು ಬದುಕಿ ದೊಡ್ಡವರಾಗುತ್ತಾರೆ. ದ್ವಾರವನ್ನು ಸರಿಪಡಿಸಬಹುದು, ಆದರೆ ಬಿಗಿಹಿಡಿಯುವ ಸ್ನಾಯು, ಮಲ ಬಂದದ್ದನ್ನು ತಿಳಿಸುವ ನರ, ಬೆನ್ನಿನ ಕೆಳಮೂಳೆ ಇವು ಹುಟ್ಟುವಾಗಲೇ ಕುಂಠಿತವಾಗಿದ್ದರೆ ಯಾವ ಸರ್ಜನ್ ಕೂಡ ಅವನ್ನು ಹೊಸದಾಗಿ ಕೊಡಲಾರರು. ಆದ್ದರಿಂದ ಮೂವತ್ತರ ಹರೆಯದಲ್ಲೂ ಮಲಬದ್ಧತೆ, ಅರಿವಿಲ್ಲದೆ ಬಟ್ಟೆ ಕೊಳೆಯಾಗುವುದು ಉಳಿಯಬಹುದು.

ಹಲವರ ಅನುಭವಗಳನ್ನು ಬೆರೆಸಿ ಒಬ್ಬ ಯುವಕನನ್ನು ಚಿತ್ರಿಸುತ್ತೇನೆ. ಬದಿಯಡ್ಕದ ಕಡೆಯವನು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕಾದ ದಿನ ಬೆಳಗಿನಿಂದ ಏನೂ ತಿನ್ನುವುದಿಲ್ಲ. ಮದುವೆಮನೆಯಲ್ಲಿ ಬಡಿಸಲು ಓಡಾಡುತ್ತಾನೆ, ಪಂಕ್ತಿಯಲ್ಲಿ ಕೂರುವುದಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೂ ಭೂತಕೋಲಕ್ಕೂ ಹೋಗುವುದನ್ನು ಬಿಟ್ಟು ವರ್ಷಗಳಾದವು. ಇದನ್ನು ‘ಆತಂಕದ ಕಾಯಿಲೆ’ ಎಂದು ಬರೆದು ಮಾತ್ರೆ ಕೊಡುವುದು ಸುಲಭ, ಆದರೆ ಅಪಾಯ ನಿಜವಾಗಿರುವಾಗ ಅದರಿಂದ ದೂರವಿರುವುದು ಕಾಯಿಲೆಯಲ್ಲ, ಲೆಕ್ಕಾಚಾರ. ಲೆಕ್ಕಾಚಾರ ಯಾವಾಗ ಬದುಕನ್ನೇ ನುಂಗಿತು ಎಂಬುದನ್ನಷ್ಟೇ ನಾವು ಹುಡುಕಬೇಕು.

ಹಾಗಾಗಿ ಮೊದಲು ಕರುಳು, ಅನಂತರ ಮನಸ್ಸು ಎಂಬ ಕ್ರಮವನ್ನು ನಾನು ಸಾಮಾನ್ಯವಾಗಿ ಬಿಡುವುದಿಲ್ಲ; ಸಾಯುವ ಯೋಚನೆ ಇದ್ದರೆ ಮಾತ್ರ ಕ್ರಮ ತಿರುಗುತ್ತದೆ. ಸೋರುವುದು ಎಷ್ಟೋ ಸಲ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡ ಮಲದ ಪಕ್ಕದಿಂದ ಜಾರಿ ಬರುವ ನೀರು ಮಾತ್ರ, ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ತಿಂದರೆ ಕಷ್ಟ ಇಮ್ಮಡಿಸುತ್ತದೆ. ತಜ್ಞರ ಸಲಹೆಯಂತೆ ಪ್ರತಿದಿನ ಒಂದೇ ಹೊತ್ತಿಗೆ ಎನಿಮಾ ತೆಗೆದುಕೊಂಡು ಕರುಳನ್ನು ಖಾಲಿ ಮಾಡಿದರೆ ಎಷ್ಟೋ ಜನ ಮರುದಿನದವರೆಗೆ ನಿಶ್ಚಿಂತರಾಗಿರುತ್ತಾರೆ. ಮನೋವೈದ್ಯರೂ ಎಚ್ಚರವಾಗಿರಬೇಕು: ನಿದ್ರೆಗೆಂದು ಕೊಡುವ ಅಮಿಟ್ರಿಪ್ಟಿಲಿನ್ ಮಲವನ್ನು ಗಟ್ಟಿ ಮಾಡುತ್ತದೆ, ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಕೆಲವರಲ್ಲಿ ಸಡಿಲಿಸುತ್ತದೆ. ಸಾಮಾನ್ಯ ರೋಗಿಗೆ ಅದು ಅಡ್ಡಪರಿಣಾಮ. ಈತನಿಗೆ ಅದೇ ಇಡೀ ದಿನ.

ಇನ್ನೊಂದು ಪದರ ಬಾಲ್ಯದ್ದು. ಮಲದ್ವಾರದ ಆಪರೇಷನ್ ಆದ ಮೇಲೆ ಅದು ಕಿರಿದಾಗದಂತೆ ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ, ಲೋಹದ ಕಡ್ಡಿಯಿಂದ ಅಗಲಿಸುವ ಕೆಲಸವನ್ನು ಮನೆಯವರಿಗೇ, ಹೆಚ್ಚಾಗಿ ತಾಯಿಗೇ, ಕಲಿಸಿ ಕಳುಹಿಸುವುದು ರೂಢಿಯಲ್ಲಿತ್ತು. ಮಗು ಕಿರುಚುತ್ತಿದ್ದರೂ ಆಕೆ ಅದನ್ನು ಮಾಡಬೇಕಾಗಿತ್ತು. ದೊಡ್ಡವನಾದ ಮಗನಿಗೆ ಅದರ ನೆನಪಿಲ್ಲದಿರಬಹುದು. ಆದರೂ ಪರೀಕ್ಷೆಗೆಂದು ಮಲಗಿಸಿದಾಗ ಮೈ ಸೆಟೆದುಕೊಳ್ಳುವುದು, ಸಂಗಾತಿಯ ಸ್ಪರ್ಶಕ್ಕೂ ಬೆದರುವುದು ಕೆಲವರಲ್ಲಿ ಕಾಣುತ್ತದೆ. ಲೈಂಗಿಕತೆ, ಸಂತಾನ, ಹೆರಿಗೆಯ ಪ್ರಶ್ನೆಗಳನ್ನು ಇಂಥವರು ತಾವಾಗಿ ಕೇಳುವುದು ಅಪರೂಪ, ವೈದ್ಯರೇ ಕೇಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಮಲದ ನಿಯಂತ್ರಣವಿಲ್ಲದಿರುವುದಕ್ಕೆ ಪ್ರತ್ಯೇಕ ಹೆಸರಿಲ್ಲ. ಹೊರಗೆ ಕಾಣದ್ದನ್ನು ಕಾಗದದಲ್ಲಿ ತೋರಿಸುವುದು ಕಷ್ಟ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ.

ನಾನು ಎರಡನೆಯ ಭೇಟಿಗೆ, ಆತ ಒಪ್ಪಿದರೆ, ತಾಯಿಯನ್ನು ಕರೆತರಲು ಹೇಳುತ್ತೇನೆ. ವೈದ್ಯರು ಒಳರೋಗಿಯ ದಾಖಲೆಯನ್ನು ಇಟ್ಟುಕೊಳ್ಳಬೇಕಾದ ಅವಧಿ 3 ವರ್ಷ ಎಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ಎಳೆಗೂಸಾಗಿದ್ದಾಗಿನ ಆಪರೇಷನ್ನಿನ ಫೈಲನ್ನು ಮೂವತ್ತರ ಹರೆಯದವನು ಎಲ್ಲಿಂದ ತರುತ್ತಾನೆ? ಎಷ್ಟು ಆಪರೇಷನ್, ಮಲ ಹೊರಬರಲು ಹೊಟ್ಟೆಯ ಮೇಲೆ ಅಂಟಿಸಿದ್ದ ಚೀಲ ಯಾವಾಗ ತೆಗೆದರು, ಸರ್ಜನ್ ಏನೆಂದರು, ಎಲ್ಲವೂ ಅಮ್ಮನ ತಲೆಯಲ್ಲಿದೆ, ಮತ್ತು ಆಕೆ ಅದನ್ನು ಮಗನೆದುರು ಎಂದೂ ಆಡಿಲ್ಲ. ಹೇಳತೊಡಗಿದಾಗ ಆಕೆ ಮೊದಲು ಅಳುವುದು ಕಡ್ಡಿಯ ವಿಷಯಕ್ಕೆ ಬಂದಾಗ. ನಾನು ಮಗನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಅಮ್ಮ ಹೇಳಿದ್ದನ್ನೆಲ್ಲ ಅವನೇ ಬರೆದುಕೊಳ್ಳುವಂತೆ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗುತ್ತೇನೆ.